ಮುನ್ನೂರು ಮರ ಸರಿ, ಕಾಡು ಎಲ್ಲಿ?

ಇವತ್ತು ಮೊದಲು ನಿಮಗೊಂದು ಲೆಕ್ಕ ಒಪ್ಪಿಸಬೇಕು.

ಹೋದ ವರ್ಷ ಇದೇ ಮೈಕ್ ಮುಂದೆ ಕೂತು, ಗಿಡ ನೆಡೋಕೆ ನಿಮ್ಮ ಹತ್ರ ದುಡ್ಡು ಕೇಳಿದ್ದೆ. ನೀವು ಕಳಿಸಿದ್ರಿ. ಒಂದೇ ಜಾತಿಯ ಸಸಿ ಅಗ್ಗಕ್ಕೆ ಸಿಕ್ತು. ಮುನ್ನೂರು ತಂದು, ಊರಾಚೆಯ ಗುಡ್ಡದಲ್ಲಿ ನೆಟ್ಟು ಫೋಟೊ ಹಾಕಿದೆ. ಕೇಳುಗರೊಬ್ಬರು ಕಾಮೆಂಟ್ ಮಾಡಿದ್ರು: "ಮುನ್ನೂರು ಮರ ಸರಿ, ಕಾಡು ಎಲ್ಲಿ?" ನನಗೆ ಉತ್ತರ ಹೊಳೀಲಿಲ್ಲ. ಬಿ.ಕಾಂ. ಓದಿದವನು ನಾನು. ಎಣಿಸೋದು ಗೊತ್ತಿತ್ತು, ಕಾಡು ಗೊತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಕಲಿತದ್ದೇ ಈ ಸಂಚಿಕೆ.

ಗುಂಡ್ಲುಪೇಟೆಯಿಂದ ಊಟಿಗೆ ಹೋಗೋ ರಸ್ತೆ ನೆನಪಿಸ್ಕೊಳ್ಳಿ. ಮೊದಲು ನಮ್ಮ ಬಂಡೀಪುರ, ಗಡಿ ದಾಟಿದ್ರೆ ತಮಿಳುನಾಡಿನ ಮುದುಮಲೆ. ಗಡಿ ನಮಗೆ, ಆನೆಗಲ್ಲ. ಕಾಡು ಒಂದಕ್ಕೊಂದು ಅಂಟಿಕೊಂಡೇ ಇದೆ. ಫೆಬ್ರವರಿಯಲ್ಲಿ ಹೋದ್ರೆ ಎರಡೂ ಕಡೆ ಬೋಳು ಮರಗಳು. "ಒಣಗಿ ಹೋಗಿದೆ" ಅಂತೀವಿ. ಒಣಗಿಲ್ಲ. ಬೇಸಿಗೆಯಲ್ಲಿ ನೀರು ಉಳಿಸೋಕೆ ಎಲೆ ಉದುರಿಸಿವೆ ಅಷ್ಟೇ. ಇದನ್ನೇ ಒಣ ಎಲೆ ಉದುರುವ ಕಾಡು ಅನ್ನೋದು.

ಈಗ ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿ, ಮಸಿನಗುಡಿ ಕಡೆ ಹೋಗೋಣ. ಏಳೆಂಟು ಕಿಲೋಮೀಟರ್ ಅಷ್ಟೇ. ತೇಗ, ಮತ್ತಿ, ದಿಂಡಿಗದ ಎತ್ತರದ ಮರಗಳು ಕಡಿಮೆಯಾಗ್ತಾ, ಜಾಲಿ, ಎಲಚಿಯಂಥ ಕುಳ್ಳನೆಯ ಮುಳ್ಳು ಮರಗಳು ಶುರುವಾಗ್ತವೆ. ಕಾರಣ ಮಳೆ. ಮುದುಮಲೆಯ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 1,800 ಮಿಲಿಮೀಟರ್ ಮಳೆ. ಪೂರ್ವದ ಅಂಚಿನಲ್ಲಿ ಅದರ ಅರ್ಧವೂ ಇಲ್ಲ. ಮುಂಗಾರಿನ ಮೋಡ ಬೆಟ್ಟ ದಾಟಿ ಬರೋ ಹೊತ್ತಿಗೆ ಬಹುಪಾಲು ಖಾಲಿ.

ಹಾಗಾದ್ರೆ ಅಕ್ಕಪಕ್ಕದ ಎರಡು ಕಾಡನ್ನ ಹೋಲಿಸೋದು ಹೇಗೆ? ಮೂರು ಪ್ರಶ್ನೆ ಕೇಳಬೇಕು.

ಮೊದಲನೇದು, ಎಷ್ಟು ಜಾತಿ ಇವೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೆಯಲ್ಲಿ 50 ಹೆಕ್ಟೇರ್, ಅಂದ್ರೆ ಸುಮಾರು 124 ಎಕರೆ ಕಾಡು ಗುರುತು ಮಾಡಿದ್ರು. ಎದೆಮಟ್ಟದಲ್ಲಿ, ಅಂದ್ರೆ ನೆಲದಿಂದ 1.3 ಮೀಟರ್ ಮೇಲೆ, 1 ಸೆಂಟಿಮೀಟರ್‌ಗಿಂತ ದಪ್ಪ ಇರೋ ಪ್ರತಿ ಕಾಂಡಕ್ಕೂ ನಂಬರ್ ಕಟ್ಟಿದ್ರು. ಒಟ್ಟು ಸುಮಾರು 25 ಸಾವಿರ ಕಾಂಡ, 70ರ ಆಸುಪಾಸು ಜಾತಿ. ಮಳೆ ಜಾಸ್ತಿ ಇರೋ ಪನಾಮಾ ದೇಶದ ಬ್ಯಾರೋ ಕೊಲರಾಡೊ ದ್ವೀಪದಲ್ಲಿ ಅಷ್ಟೇ ಜಾಗಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಕಾಂಡ, ಸುಮಾರು 300 ಜಾತಿ. ಹಾಗಂತ ನಮ್ಮದು ಬಡ ಕಾಡಲ್ಲ. ನಮ್ಮ ಆನೆ, ಹುಲಿಗಳ ದೊಡ್ಡ ನೆಲೆ ಇದೇ ಒಣ ಕಾಡು. ಮಳೆ ಬೇರೆ, ಹಾಗಾಗಿ ಅಳತೆಗೋಲೂ ಬೇರೆ.

ಎರಡನೇದು, ಪಾಲು ಹೇಗೆ ಹಂಚಿದೆ? ಎರಡು ಜಾಗ ಇದೆ ಅಂದ್ಕೊಳ್ಳಿ. ಎರಡರಲ್ಲೂ ನೂರು ಮರ, ಹತ್ತು ಜಾತಿ. ಒಂದರಲ್ಲಿ ಪ್ರತಿ ಜಾತಿಗೆ ಹತ್ತು ಮರ. ಇನ್ನೊಂದರಲ್ಲಿ 91 ಮರ ಒಂದೇ ಜಾತಿ, ಉಳಿದ ಒಂಬತ್ತಕ್ಕೆ ಒಂದೊಂದು. ಪಟ್ಟಿಯಲ್ಲಿ ಎರಡೂ ಸಮ. ಆದ್ರೆ ಎರಡನೇದು, ಹತ್ತು ಷೇರು ಕೊಂಡು 91 ಪರ್ಸೆಂಟ್ ದುಡ್ಡು ಒಂದರಲ್ಲೇ ಹಾಕಿದ ಹಾಗೆ. ಆ ಜಾತಿಗೊಂದು ರೋಗ ಬಂದ್ರೆ ಮುಗೀತು.

ಮೂರನೇದು ನನ್ನ ನಿದ್ದೆ ಕೆಡಿಸಿದ ಪ್ರಶ್ನೆ: ಎಳೆಯವು ಎಷ್ಟಿವೆ? ಇದೇ ಕಾಡಿನ ರಚನೆ. ಟೇಪ್ ಹಿಡಿದು ಸುತ್ತಳತೆ ತಗೊಂಡ್ರೆ, ತನ್ನಷ್ಟಕ್ಕೆ ಮರುಹುಟ್ಟು ಪಡೀತಿರೋ ಕಾಡಲ್ಲಿ ಸಾಮಾನ್ಯವಾಗಿ ಸಣ್ಣವು ಬಹಳ, ಮಧ್ಯಮದವು ಕಡಿಮೆ, ದೊಡ್ಡವು ಇನ್ನೂ ಕಡಿಮೆ ಸಿಗಬೇಕು. ಬರೀ ದೊಡ್ಡವೇ ಸಿಕ್ಕಿದ್ರೆ? ಇಪ್ಪತ್ತು ವರ್ಷದಿಂದ ಹೊಸಬರನ್ನ ತಗೊಳ್ಳದ ಕಂಪನಿ ಥರ. ಇವತ್ತು ಆಫೀಸ್ ತುಂಬಿದೆ, ನಾಳೆ ಎಲ್ಲರೂ ಒಟ್ಟಿಗೆ ರಿಟೈರ್.

ಒಣ ಕಾಡಲ್ಲಿ ಎಳೆಯದರ ದಾರಿ ಕಷ್ಟದ್ದು. ದೊಡ್ಡ ಮರಕ್ಕೆ ದಪ್ಪ ತೊಗಟೆ ಇದೆ, ನೆಲದ ಬೆಂಕಿ ತಡ್ಕೊಳ್ಳುತ್ತೆ. ಸಸಿಯ ಕಾಂಡ ಸುಟ್ಟು ಹೋಗುತ್ತೆ. ಬೇರು ಬದುಕಿದ್ರೆ ಮಳೆಗೆ ಮತ್ತೆ ಚಿಗುರುತ್ತೆ. ಮುಂದಿನ ಬೇಸಿಗೆಗೆ ಮತ್ತೆ ಬೆಂಕಿ ಬಿದ್ರೆ ಮತ್ತೆ ಸೊನ್ನೆಯಿಂದ ಶುರು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿದ್ದು ನಿಮಗೆ ನೆನಪಿರಬಹುದು. ಇದರ ಮೇಲೆ ಲಂಟಾನ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆ ತಂದ ಅಮೆರಿಕ ಖಂಡದ ಗಿಡ. ಪೊದೆ ಕಟ್ಟಿ ಸಸಿಗೆ ಬೆಳಕು ಬಿಡಲ್ಲ, ಒಣಗಿದ್ರೆ ಬೆಂಕಿಯನ್ನ ಮೇಲಕ್ಕೆ ಹತ್ತಿಸುತ್ತೆ.

ಹಾಗಂತ ಎಲ್ಲ ಬೆಂಕಿಯೂ ಒಂದೇ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯೋ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಹಾಕ್ತಿದ್ರು. ಅದಕ್ಕೆ ತರಗು ಬೆಂಕಿ ಅಂತ ಹೆಸರು. ಅದು ನಿಂತ ಮೇಲೇ ಲಂಟಾನ ಏರಿತು ಅನ್ನೋದು ಅವರ ಅನುಭವದ ಮಾತು.

ಈಗ ಎಲ್ಲ ಸೇರಿಸಿ ನೋಡಿ. ಪಕ್ಕಪಕ್ಕದ ಎರಡು ಕಾಡು, ಒಂದೇ ಜಾತಿಗಳ ಪಟ್ಟಿ, ಒಂದೇ ಥರದ ದೊಡ್ಡ ಮರಗಳು. ಒಂದರ ನೆಲದಲ್ಲಿ ಮೊಣಕಾಲೆತ್ತರದ ಮತ್ತಿ, ನೆಲ್ಲಿ, ಕಕ್ಕೆ ಸಸಿಗಳು. ಇನ್ನೊಂದರಲ್ಲಿ ಬರೀ ಪೊದೆ. ಬಸ್ಸಿನ ಕಿಟಕಿಯಿಂದ ಎರಡೂ ಒಂದೇ. ಮೇಲಿಂದ ತೆಗೆದ ಫೋಟೊದಲ್ಲೂ ಎರಡೂ ಕಾಡೇ. ವ್ಯತ್ಯಾಸ ಗೊತ್ತಾಗೋದು ನಮ್ಮ ಮಕ್ಕಳ ಕಾಲಕ್ಕೆ.

ನನ್ನ ಮುನ್ನೂರು ಸಸಿಗೂ ಇದೇ ಪರೀಕ್ಷೆ ಮಾಡ್ದೆ. ಜಾತಿ ಒಂದು, ವಯಸ್ಸು ಒಂದು. ಆ ಕೇಳುಗರು ಸರಿ. ಅದು ಕಾಡಲ್ಲ, ನೆಡುತೋಪು. ಮೊನ್ನೆ ಅಲ್ಲಿಗೆ ಹೋದಾಗ ದನ ಕಾಯೋ ಅಜ್ಜ ಒಬ್ಬರು ಪಕ್ಕದ ಕಲ್ಲುಸಂದಿ ತೋರಿಸಿದ್ರು. ಅಲ್ಲಿ ಕಕ್ಕೆ, ಎಲಚಿ ತಾವಾಗೇ ಚಿಗುರ್ತಾ ಇದ್ವು. "ಇವ್ನ ಆಡು ಮೇಯದಂಗೆ ನೋಡ್ಕೊಂಡ್ರೆ ಸಾಕಿತ್ತಲ್ಲಪ್ಪ" ಅಂದ್ರು. ಗುಂಡಿ ತೋಡೋ ಗಡಿಬಿಡಿಯಲ್ಲಿ ನಾವೇ ಎಷ್ಟು ಚಿಗುರು ತುಳಿದಿದ್ವೋ.

ಉಳಿದ ದುಡ್ಡಲ್ಲಿ ಹೊಸ ಸಸಿ ತರಲ್ಲ. ಇರೋ ಚಿಗುರಿಗೆ ಬೇಲಿ ಹಾಕಿ, ಸುತ್ತಲಿನ ಲಂಟಾನ ಕೀಳಿಸ್ತೀನಿ. ಬಿಲ್ ಸಮೇತ ಲೆಕ್ಕ ಮುಂದಿನ ಸಂಚಿಕೆಯಲ್ಲಿ.

ನಿಮಗೂ ಒಂದು ಕೆಲಸ. ಹುಲಿ ಕಾಡಿಗೆ ಹೋಗಬೇಡಿ, ಮನೆ ಪಕ್ಕದ ಪಾರ್ಕ್ ಸಾಕು. ಎಷ್ಟು ಜಾತಿ, ಯಾವುದರ ಪಾಲು ಎಷ್ಟು, ಎಳೆಯವು ಎಷ್ಟು ಅಂತ ಎಣಿಸಿ ಕಳಿಸಿ. ಮತ್ತೆ ಸಿಗೋಣ.