ಸಕ್ಕರೆ ಬೇನೆಯ ಗುಳಿಗೆಯೂ ಹೃದಯದ ಲಯವೂ

ಹಿರೇಕೆರೂರಿನಂಥ ಊರುಗಳ ಔಷಧದ ಅಂಗಡಿಗಳಿಗೂ ಬಂದಿರುವ ಸಕ್ಕರೆ ಬೇನೆಯ ಗುಳಿಗೆಗಳಲ್ಲಿ ಟೆನಲಿಗ್ಲಿಪ್ಟಿನ್ ಒಂದು. 2012ರಲ್ಲಿ ಜಪಾನದಲ್ಲಿ ಒಪ್ಪಿಗೆ ಪಡೆದ ಈ ಮದ್ದು 2015ರಲ್ಲಿ ನಮ್ಮ ದೇಶಕ್ಕೆ ಬಂದಿತು. ಬೆಲೆ ಅಗ್ಗವಾದುದರಿಂದ ಬೇಗನೆ ಹರಡಿತು. ಇದನ್ನು ನುಂಗುವವರು ನಿಮ್ಮ ಮನೆಯಲ್ಲಿಯೂ ಇರಬಹುದು. ಇದನ್ನು ಪರೀಕ್ಷಿಸಿದವರು ರಕ್ತದ ಸಕ್ಕರೆಯೊಂದನ್ನೇ ಅಳೆಯಲಿಲ್ಲ, ಹೃದಯದ ಲಯವನ್ನೂ ಅಳೆದರು. ಏಕೆ?

ಹೃದಯವು ಪ್ರತಿ ಬಡಿತಕ್ಕೂ ಒಂದು ಸಣ್ಣ ವಿದ್ಯುತ್ತಿನ ಅಲೆಯಿಂದ ಸಂಕೋಚಗೊಂಡು, ಮುಂದಿನ ಬಡಿತಕ್ಕೆ ಅಣಿಯಾಗುವದು. ಇಸಿಜಿಯ ಕಾಗದದ ಮೇಲೆ ಮೂಡುವ ಅದರ ಏರಿಳಿತಗಳಿಗೆ ಹಾಲೆಂಡಿನ ಐಂತೋವೆನ್ ಎಂಬ ವಿದ್ವಾಂಸರು ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. ಕ್ಯೂ ಮೊದಲಾಗಿ ಟಿ ಮುಗಿಯುವವರೆಗಿನ ಅವಧಿ ಸುಮಾರು 400 ಮಿಲಿಸೆಕೆಂಡು. ಸೆಕೆಂಡಿನ ಅರ್ಧಕ್ಕಿಂತ ಕಡಿಮೆ. ಛಂದಸ್ಸನ್ನು ಕಲಿಸುವ ನನಗೆ ಇದು ಮಾತ್ರೆಗಳ ಲೆಕ್ಕದಂತೆಯೇ ತೋರುವದು. ಲಘುವಿನ ಜಾಗದಲ್ಲಿ ಗುರು ಕುಳಿತರೆ ಪದ್ಯವಷ್ಟೇ ಕೆಡುವದು. ಇಲ್ಲಿಯಾದರೋ ಅವಧಿ ಬಹಳ ಹಿಗ್ಗಿದಾಗ, ಹೃದಯ ಪೂರ್ತಿ ಅಣಿಯಾಗುವ ಮೊದಲೇ ಹೊಸ ಅಲೆಯೆದ್ದು ಬಡಿತ ಹದ ತಪ್ಪಿ ಓಡುವದುಂಟು. ಮನುಷ್ಯನು ಎಚ್ಚರ ತಪ್ಪಿ ಬೀಳುವನು, ಸಾಯಲೂಬಹುದು. ಸೀನು-ನೆಗಡಿಗೆ ಕೊಡುತ್ತಿದ್ದ ಟರ್ಫೆನಡಿನ್ ಎಂಬ ಗುಳಿಗೆ ಈ ದೋಷದಿಂದಲೇ 1998ರಲ್ಲಿ ಅಮೇರಿಕೆಯ ಪೇಟೆಯಿಂದ ಹೊರಬಿದ್ದಿತು.

2005ರಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಕ್ರಮ ಗೊತ್ತಾಯಿತು. ಆರೋಗ್ಯವಂತ ಸ್ವಯಂಸೇವಕರಿಗೆ ಹೊಸ ಮದ್ದನ್ನು ವಾಡಿಕೆಯ ಪ್ರಮಾಣದಲ್ಲಿಯೂ ಅದರ ಹಲವು ಪಟ್ಟಿನಲ್ಲಿಯೂ ಕೊಟ್ಟು, ಮದ್ದಿಲ್ಲದ ಹುಸಿ ಗುಳಿಗೆಯೊಡನೆ ಹೋಲಿಸುವರು. ಇದರಲ್ಲಿ ನನಗೆ ಬಹಳ ಹಿಡಿಸಿದ ಜಾಣ್ಮೆ ಬೇರೊಂದು: ಅವಧಿಯನ್ನು ತುಸು ಹಿಗ್ಗಿಸುವದೆಂದು ಮೊದಲೇ ತಿಳಿದ ಮಾಕ್ಸಿಫ್ಲಾಕ್ಸಸಿನ್ ಎಂಬ ಮದ್ದನ್ನೂ ಬೇಕೆಂತಲೇ ಕೊಡುವರು. ಆ ಹಿಗ್ಗು ಕಾಣದಿದ್ದರೆ ತಕ್ಕಡಿಯೇ ಸರಿಯಿಲ್ಲವೆಂದು ತಿಳಿಯಬೇಕು. ಹೊಸ ಮದ್ದಿನಿಂದಾಗುವ ಸರಾಸರಿ ಹಿಗ್ಗು 5 ಮಿಲಿಸೆಕೆಂಡಿನ ಆಸುಪಾಸಿನಲ್ಲಿರಬೇಕು. ಲೆಕ್ಕದ ಅನುಮಾನವನ್ನು ಕೂಡಿಸಿದರೂ 10ನ್ನು ಮುಟ್ಟಬಾರದು.

ಟೆನಲಿಗ್ಲಿಪ್ಟಿನ್ ವಾಡಿಕೆಯಂತೆ ದಿನಕ್ಕೆ 20 ಮಿಲಿಗ್ರಾಂ. 40 ಕೊಟ್ಟಾಗ ಹೆಚ್ಚೆಂದರೆ 3.9 ಮಿಲಿಸೆಕೆಂಡು ಹಿಗ್ಗಿತು; 160 ಕೊಟ್ಟಾಗ 9.3. ಎಂಟು ಪಟ್ಟಿಗೆ ಗೆರೆ ದಾಟಿತು, ವಾಡಿಕೆಯ ಪ್ರಮಾಣದ ಇಮ್ಮಡಿಗೆ ದಾಟಲಿಲ್ಲ. ಅದೇ ಕುಲದ ಸಿಟಾಗ್ಲಿಪ್ಟಿನ್ ವಾಡಿಕೆಯ 100 ಮಿಲಿಗ್ರಾಮಿನಲ್ಲಿ ಏನನ್ನೂ ಮಾಡಲಿಲ್ಲ. 800ರಲ್ಲಿ 8 ಮಿಲಿಸೆಕೆಂಡು ಹಿಗ್ಗಿಸಿತು.

ಆದ್ದರಿಂದ ಹೆದರಿ ಗುಳಿಗೆ ಬಿಡಬೇಡಿರಿ. ಬಿಟ್ಟರೆ ಏರುವ ಸಕ್ಕರೆಯೇ ದೊಡ್ಡ ಅಪಾಯ. ಆದರೆ ಪರೀಕ್ಷೆಗೆ ಒಳಗಾದವರು ಆರೋಗ್ಯವಂತರು. ನಮ್ಮ ಮನೆಯ ಹಿರಿಯರು ಹಾಗಲ್ಲ. ವಾಂತಿ-ಭೇದಿಯಿಂದಲೂ ಮೂತ್ರ ಹೆಚ್ಚಿಸುವ ಕೆಲವು ಗುಳಿಗೆಗಳಿಂದಲೂ ರಕ್ತದ ಪೊಟ್ಯಾಸಿಯಂ ಇಳಿದು ಆ ಅವಧಿ ಹಿಗ್ಗುವದು. ಅಜಿತ್ರೋಮೈಸಿನ್‌ದಂಥ ಮದ್ದುಗಳೂ ಹಿಗ್ಗಿಸುವವು. ಕೆಮ್ಮಿಗೆಂದು ಅಂಗಡಿಯಲ್ಲಿ ಕೇಳಿ ತಂದು ನುಂಗುವ ನಮ್ಮ ರೂಢಿ ಇಲ್ಲಿಯೇ ಅಡ್ಡ ಬರುವದು. ತಲೆ ತಿರುಗಿ ಬಿದ್ದರೆ, ಎದೆ ಒಮ್ಮೆಲೇ ಡವಗುಟ್ಟಿದರೆ, ತಡಮಾಡದೆ ದವಾಖಾನೆಗೆ ಹೋಗಿರಿ. ನುಂಗುವ ಎಲ್ಲ ಗುಳಿಗೆಗಳನ್ನೂ ಜೊತೆಗೊಯ್ದು ಡಾಕ್ಟರರ ಮೇಜಿನ ಮೇಲೆ ಇಡಿರಿ.