ಎಥನಾಲು ಬೆರೆತ ಪೆಟ್ರೋಲು ಮತ್ತು ಹೊಗೆಯ ಮಸಿ

ಶೇಡಬಾಳದ ನೆರೆಯ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ತಯಾರಾಗುವಂಥ ಎಥನಾಲು, ದೇಶದ ಪೆಟ್ರೋಲಿನಲ್ಲಿ 2025ರಲ್ಲಿ ನೂರಕ್ಕೆ 20 ಪಾಲು ಮುಟ್ಟಿತು. ಇದರಿಂದ ಹೊಗೆ ಶುದ್ಧವಾದೀತೇ ಎಂದು ಸದಸ್ಯರು ಕೇಳುವುದುಂಟು.

ಬಹುಮಟ್ಟಿಗೆ ಹೌದು. ಎಥನಾಲಿನ ತೂಕದಲ್ಲಿ ನೂರಕ್ಕೆ ಸುಮಾರು 35 ಪಾಲು ಆಮ್ಲಜನಕ. ಮಸಿ ಹುಟ್ಟಿಸುವ ಬೆಂಜೀನ್ ಜಾತಿಯ ದ್ರವ್ಯ ಅದರಲ್ಲಿಲ್ಲ. ಆದುದರಿಂದ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳು ಸಾಮಾನ್ಯವಾಗಿ ತಗ್ಗುತ್ತವೆ. ಆದರೆ ಎಥನಾಲು ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು. ಸಿಲಿಂಡರಿನೊಳಕ್ಕೇ ಇಂಧನ ಚಿಮ್ಮಿಸುವ ಹೊಸ ಕಾರುಗಳಲ್ಲಿ, ಎಂಜಿನ್ ತಣ್ಣಗಿರುವಾಗ, ಆವಿಯಾಗದೆ ಪಿಸ್ಟನ್ನಿಗೆ ಅಂಟಿದ ಇಂಧನ ಅರೆಬೆಂದು ಮಸಿ ಹೆಚ್ಚುವುದೂ ಉಂಟು.

ನಮಗೆ ಮುಖ್ಯವಾದದ್ದು ಆಳುಗಳು ಬೆನ್ನಿಗೆ ಹೊರುವ ಟೂ-ಸ್ಟ್ರೋಕ್ ಸ್ಪ್ರೇಯರು. ಅದರ ನೀಲಿ ಹೊಗೆ ಪೆಟ್ರೋಲಿಗೆ ಬೆರೆಸಿದ ಆಯಿಲಿನದು. ಎಥನಾಲು ಅದನ್ನು ನಿವಾರಿಸದು. ಆದಕಾರಣ ತಯಾರಕರು ಹೇಳಿದ ಅಳತೆ ಮೀರಿ ಆಯಿಲು ಹಾಕಕೂಡದು.