ವಾಯುಶೋಧಕದ ಫಿಲ್ಟರಿಗೆ ಮುಪ್ಪು ಬಂದುದನ್ನು ತಿಳಿಯುವುದೆಂತು?

ಅಕ್ಟೋಬರ್ ತಿಂಗಳ ಕೊನೆಗೆ ದೆಹಲಿಯ ಆಕಾಶದ ಬಣ್ಣ ಬದಲಾಗುತ್ತದೆ. ಪಂಜಾಬ್, ಹರಿಯಾಣಗಳ ಗದ್ದೆಗಳಲ್ಲಿ ಭತ್ತದ ಕೂಳೆಗೆ ಇಟ್ಟ ಬೆಂಕಿಯ ಹೊಗೆ, ನಗರದ ವಾಹನಗಳ ಹೊಗೆ, ರಸ್ತೆಯ ಧೂಳು ಇವೆಲ್ಲವೂ ಚಳಿಗಾಲದ ನಿಶ್ಚಲವಾದ ಗಾಳಿಯಲ್ಲಿ ಮೇಲೇರಲಾರದೆ ನೆಲದ ಬಳಿಯಲ್ಲಿಯೇ ನಿಂತುಬಿಡುತ್ತವೆ. 2.5 ಮೈಕ್ರಾನಿಗಿಂತ ಚಿಕ್ಕದಾದ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಮನ್ನು ಮೀರಕೂಡದೆಂದು ನಮ್ಮ ದೇಶದ ಮಾನಕವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 15. ದೆಹಲಿಯ ನವೆಂಬರಿನಲ್ಲಿ ಈ ಸಂಖ್ಯೆ 200ನ್ನು ದಾಟುವ ದಿನಗಳು ಅಪರೂಪವಲ್ಲ.

ಆದುದರಿಂದಲೇ ಅಲ್ಲಿನ ಅನುಕೂಲಸ್ಥರ ಮನೆಗಳಲ್ಲಿ ಮಲಗುವ ಕೋಣೆಯ ಮೂಲೆಗೊಂದು ವಾಯುಶೋಧಕ ಬಂದು ಕುಳಿತಿದೆ. ಅಂಗಡಿಯಲ್ಲಿ ಏರ್ ಪ್ಯೂರಿಫೈಯರ್ ಎಂದು ಕೇಳಿ ಪಡೆಯುವ ಈ ಪೆಟ್ಟಿಗೆಯೊಳಗೆ ಮುಖ್ಯವಾಗಿ ಇರುವುದು ಎರಡೇ: ಒಂದು ಫ್ಯಾನು, ಒಂದು ಫಿಲ್ಟರು. ಉಬ್ಬಸದ ಅಜ್ಜಿಯೋ ಎಳೆಯ ಮಗುವೋ ಮಲಗಿರುವ ಕೋಣೆಯಲ್ಲಿ ಅದು ರಾತ್ರಿಯೆಲ್ಲ ಮೊರೆಯುತ್ತಿರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಅದರ ಮುಖದ ಮೇಲೆ ಕೆಂಪು ದೀಪ ಹೊತ್ತಿಕೊಂಡು, ಫಿಲ್ಟರನ್ನು ಬದಲಾಯಿಸಿರೆಂದು ಹೇಳುತ್ತದೆ. ಹೊಸ ಫಿಲ್ಟರಿಗೆ ಸಾವಿರಾರು ರೂಪಾಯಿ. ದೀಪದ ಮಾತನ್ನು ನಂಬಬೇಕೆ? ಅದು ಹೊತ್ತದೆ ಇರುವಷ್ಟು ಕಾಲ ನಿಶ್ಚಿಂತೆಯಿಂದ ಇರಬಹುದೆ?

ಈ ದೀಪಕ್ಕೆ ಫಿಲ್ಟರಿನ ಸ್ಥಿತಿ ಗೊತ್ತಿರುತ್ತದೆಂದು ನಾವು ಭಾವಿಸುವುದು ಸಹಜ. ಆದರೆ ಅನೇಕ ಯಂತ್ರಗಳಲ್ಲಿ ಅದು ಫ್ಯಾನು ಓಡಿದ ಗಂಟೆಗಳನ್ನು ಎಣಿಸುವ ಗಡಿಯಾರವಲ್ಲದೆ ಬೇರೇನೂ ಅಲ್ಲ. ದೆಹಲಿಯ ಹೊಗೆಯಲ್ಲಿ ಓಡಿದ ಗಂಟೆಯೂ ಮಲೆನಾಡಿನ ಮಳೆಗಾಲದಲ್ಲಿ ಓಡಿದ ಗಂಟೆಯೂ ಅದರ ಲೆಕ್ಕಕ್ಕೆ ಒಂದೇ. ಹಾಗಾದರೆ ಫಿಲ್ಟರನ್ನು ಹೊರಕ್ಕೆ ತೆಗೆದು ಅದರ ಬಣ್ಣವನ್ನು ನೋಡಿದರಾಯಿತಲ್ಲವೆ? ಅದೂ ಸಾಲದು. ಏಕೆಂಬುದನ್ನು ಅರಿಯಲು ಫಿಲ್ಟರು ಕಣಗಳನ್ನು ಹಿಡಿಯುವ ಬಗೆಯನ್ನು ಕೊಂಚ ವಿಚಾರಿಸಬೇಕು.

ಫಿಲ್ಟರು ಜರಡಿಯಂತೆ ಕೆಲಸ ಮಾಡುವುದೆಂಬುದು ತಪ್ಪು ಕಲ್ಪನೆ. ಅದು ಸೂಕ್ಷ್ಮವಾದ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ ಒಂದು ಕಾಡು. ಎಳೆಎಳೆಗಳ ನಡುವಣ ಅಂತರ ಹಿಡಿಯಬೇಕಾದ ಕಣಗಳಿಗಿಂತ ಎಷ್ಟೋ ದೊಡ್ಡದು. ಗಾಳಿ ಎಳೆಯನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ದಪ್ಪ ಕಣಕ್ಕೆ ಜಡತ್ವ ಹೆಚ್ಚಾದುದರಿಂದ ಅದು ತಿರುವಿನಲ್ಲಿ ತಿರುಗಲಾರದೆ ನೇರವಾಗಿ ಹೋಗಿ ಎಳೆಗೆ ಬಡಿಯುತ್ತದೆ. ತೀರ ಚಿಕ್ಕ ಕಣವಾದರೋ, ಅಣುಗಳ ತಾಡನೆಗೆ ಸಿಕ್ಕಿ ಅತ್ತಿತ್ತ ಅಲೆಯುತ್ತ (ಇದೇ ಬ್ರೌನಿಯನ್ ಚಲನೆ) ಒಂದಲ್ಲ ಒಂದು ಎಳೆಯನ್ನು ಮುಟ್ಟಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ಇವೆರಡರ ನಡುವಣ ಗಾತ್ರದ ಕಣಗಳೇ ಹೆಚ್ಚಾಗಿ ತಪ್ಪಿಸಿಕೊಳ್ಳುವ ಜಾಣರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಗೆಯ ಫಿಲ್ಟರುಗಳನ್ನು ಕುರಿತು ವಿಚಾರ ಮಾಡಿದ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇಂಥ ಕಣಗಳ ಗಾತ್ರ ಸುಮಾರು 0.3 ಮೈಕ್ರಾನು ಎಂದು ತೋರಿಸಿದನು. ‘ಹೆಪಾ’ ಎಂಬ ಹೆಸರಿನ ಫಿಲ್ಟರು ನೂರಕ್ಕೆ 99.97ರಷ್ಟು ಕಣಗಳನ್ನು ಹಿಡಿಯುವುದೆಂದು ಹೇಳುವಾಗ ಜೊತೆಯಲ್ಲಿ 0.3 ಮೈಕ್ರಾನ್ ಎಂದು ಸೇರಿಸುವುದು ಇದಕ್ಕಾಗಿಯೇ. ಅದಕ್ಕಿಂತ ಚಿಕ್ಕ ಕಣಗಳೆಲ್ಲ ನುಸುಳಿಹೋಗುತ್ತವೆಂದು ಅರ್ಥವಲ್ಲ.

ಈಗ ಒಂದು ವಿಚಿತ್ರವನ್ನು ಗಮನಿಸಿ. ಎಳೆಗೆ ಅಂಟಿಕೊಂಡ ಕಣವು ತಾನೇ ಒಂದು ಹೊಸ ಬಲೆಯಾಗುತ್ತದೆ. ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಕಣ ಅಂಟಿ ಕೊಂಬೆರೆಂಬೆಗಳು ಬೆಳೆದಂತೆ ಕಾಡು ದಟ್ಟವಾಗುತ್ತದೆ. ಎಂದಮೇಲೆ ಧೂಳು ಕುಡಿದು ಕಪ್ಪಾದ ಫಿಲ್ಟರು ಕಣಗಳನ್ನು ಹಿಡಿಯುವುದರಲ್ಲಿ ಹೊಸದಕ್ಕಿಂತ ಮೇಲಾಗಿಯೇ ಇರಬಹುದು! ಹಾಗಿದ್ದರೆ ಕೆಟ್ಟದ್ದೇನು? ಕೆಟ್ಟದ್ದು ಗಾಳಿಯ ದಾರಿ. ಕಾಡು ದಟ್ಟವಾದಷ್ಟೂ ಗಾಳಿಗೆ ತಡೆ ಹೆಚ್ಚು. ಪೆಟ್ಟಿಗೆಯೊಳಗಿನ ಪುಟ್ಟ ಫ್ಯಾನು ಆ ತಡೆಯ ವಿರುದ್ಧ ಮೊದಲಿನಷ್ಟು ಗಾಳಿಯನ್ನು ನೂಕಲಾರದು. ಕೋಣೆಗೆ ದೊರೆಯುವ ಶುಭ್ರವಾಯುವಿನ ಪ್ರಮಾಣವೆಂದರೆ ಹಾದುಹೋಗುವ ಗಾಳಿ ಮತ್ತು ಹಿಡಿಯುವ ಸಾಮರ್ಥ್ಯ ಇವುಗಳ ಗುಣಲಬ್ಧ. ಇವುಗಳಲ್ಲಿ ಒಂದು ಕುಸಿದರೂ ಗುಣಲಬ್ಧ ಕುಸಿಯಿತು.

ಹಿಡಿಯುವ ಸಾಮರ್ಥ್ಯವೇ ಕುಗ್ಗುವ ಸಂದರ್ಭವೂ ಉಂಟು. ಮನೆಬಳಕೆಯ ಹಲವು ಫಿಲ್ಟರುಗಳ ಎಳೆಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ತಯಾರಿಸುವಾಗಲೇ ಅವುಗಳಿಗೆ ವಿದ್ಯುದಾವೇಶ ಕೊಟ್ಟಿರುತ್ತಾರೆ. ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಅವು ಕಣಗಳನ್ನು ಸೆಳೆಯುತ್ತವೆ. ಅಡಿಗೆಮನೆಯ ಎಣ್ಣೆಹೊಗೆ, ಸಿಗರೇಟಿನ ಹೊಗೆ ಈ ಎಳೆಗಳ ಮೇಲೆ ಲೇಪವಾಗಿ ಕುಳಿತಂತೆ ಆ ಸೆಳೆತ ಇಳಿಯುತ್ತದೆ. ಆದಕಾರಣ ಕರಿಯ ಫಿಲ್ಟರು ಇನ್ನೂ ಗಟ್ಟಿಯಾಗಿರಬಹುದು, ಬೆಳ್ಳಗೆ ಕಾಣುವುದು ಸೋತಿರಬಹುದು.

ಎಷ್ಟು ಕುಸಿದರೆ ಫಿಲ್ಟರಿನ ಆಯುಸ್ಸು ತೀರಿತೆನ್ನಬೇಕು? ಚೀನಾ ದೇಶದ 2015ರ ರಾಷ್ಟ್ರೀಯ ಮಾನಕ ಇದಕ್ಕೆ ಒಂದು ಗೆರೆ ಎಳೆಯಿತು: ಶುಭ್ರವಾಯುವಿನ ಪ್ರಮಾಣ ಮೊದಲಿನ ಅರ್ಧಕ್ಕೆ ಇಳಿಯುವುದರೊಳಗೆ ಫಿಲ್ಟರು ನುಂಗಿದ ಕಣಗಳ ಒಟ್ಟು ತೂಕವೇ ಅದರ ಬಾಳಿಕೆ. 12 ಗ್ರಾಂ ಅಥವಾ ಅದಕ್ಕೂ ಹೆಚ್ಚು ನುಂಗಬಲ್ಲುದು ಅತ್ಯುತ್ತಮ ದರ್ಜೆಯದು. 12 ಗ್ರಾಂ! ಕೈಯಲ್ಲಿ ಹಿಡಿದರೆ ಬಹು ಸ್ವಲ್ಪವೇ. ಒಂದು ಯಂತ್ರ ಗಂಟೆಗೆ 200 ಘನ ಮೀಟರು ಗಾಳಿಯನ್ನು ಸೋಸುತ್ತ ದಿನಕ್ಕೆ 10 ಗಂಟೆ ಓಡುತ್ತದೆಂದಿಟ್ಟುಕೊಳ್ಳಿ. ಕೋಣೆಯ ಗಾಳಿಯಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಕಣಗಳಿದ್ದರೆ ದಿನಕ್ಕೆ 0.1 ಗ್ರಾಂ ಸಿಕ್ಕಿಬೀಳುತ್ತದೆ. 12 ಗ್ರಾಮಿಗೆ 120 ದಿನ, ಅಂದರೆ ದೆಹಲಿಯ ಒಂದು ಚಳಿಗಾಲ. 10 ಮೈಕ್ರೋಗ್ರಾಂ ಮಾತ್ರವಿರುವ ಊರಿನಲ್ಲಿ ಅದೇ ಫಿಲ್ಟರಿಗೆ 600 ದಿನ ಬೇಕು. ಗಂಟೆ ಎಣಿಸುವ ದೀಪವಾದರೋ ಇಬ್ಬರಿಗೂ ಒಂದೇ ದಿನ ಹೊತ್ತಿಕೊಳ್ಳುತ್ತದೆ. ಇದು ಸ್ಥೂಲ ಗಣಿತ, ನಿಜ. ಕಣಗಳ ಜಾತಿಯೂ ಗಾತ್ರವೂ ಫಲವನ್ನು ಬದಲಿಸುತ್ತವೆ. ಆದರೂ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದೆಂಬುದು ಇದರಿಂದ ತಿಳಿಯುತ್ತದೆ.

ಊಹೆಯನ್ನು ಬಿಟ್ಟು ಅಳೆಯಲು ಸಾಧ್ಯವೆ? ಖಂಡಿತ ಸಾಧ್ಯ. ವಿಕಿರಣ ವಸ್ತುಗಳ ಅರ್ಧಾಯುವನ್ನು ಓದಿರುವ ಯಾವ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು. ಕಣಗಳನ್ನು ಎಣಿಸುವ ಪುಟ್ಟ ಮಾಪಕಗಳು ಈಗ ಕೆಲವು ಸಾವಿರ ರೂಪಾಯಿಗೆ ದೊರೆಯುತ್ತವೆ, ಕಾಲೇಜಿಗೊಂದಿದ್ದರೂ ಸಾಕು. ಹೊರಗಿನ ಗಾಳಿ ತಕ್ಕಮಟ್ಟಿಗೆ ಶುಭ್ರವಾಗಿರುವ ದಿನ, ಉಬ್ಬಸದವರನ್ನು ಬೇರೆ ಕೋಣೆಗೆ ಕಳುಹಿಸಿ, ಕಿಟಕಿ ಬಾಗಿಲುಗಳನ್ನು ಮುಚ್ಚಬೇಕು. ಗಾಳಿ ಚೆನ್ನಾಗಿ ಬೆರೆಯಲೆಂದು ಮೇಲಿನ ಫ್ಯಾನನ್ನು ನಿಧಾನವಾಗಿ ತಿರುಗಿಸಿ, ಎರಡು ಮೂರು ಊದುಬತ್ತಿ ಹಚ್ಚಿ, ಮಾಪಕ 300ರ ಸುಮಾರಿಗೆ ಬಂದಾಗ ಅವನ್ನು ಹೊರಗೆ ಸಾಗಿಸಬೇಕು. ಐದು ನಿಮಿಷ ಬಿಟ್ಟು ಯಂತ್ರವನ್ನು ಪೂರ್ಣ ವೇಗದಲ್ಲಿ ಓಡಿಸಿ ನಿಮಿಷಕ್ಕೊಮ್ಮೆ ಅಂಕಿಯನ್ನು ಬರೆದುಕೊಳ್ಳಬೇಕು. ಮಾಪಕ ಯಂತ್ರದಿಂದ ದೂರದಲ್ಲಿರಲಿ. ಯಂತ್ರದ ಮೈಮೇಲಿರುವ ಅಂಕಿಫಲಕ ತಾನೇ ಸೋಸಿದ ಗಾಳಿಯನ್ನು ನೋಡಿ ತನ್ನನ್ನೇ ಹೊಗಳಿಕೊಳ್ಳುವ ಸಂಭವವುಂಟು.

ಅಂಕಿ ಪ್ರತಿ 7 ನಿಮಿಷಕ್ಕೊಮ್ಮೆ ಅರ್ಧವಾಗುತ್ತ ಹೋಯಿತೆನ್ನಿ. ಯಂತ್ರವನ್ನು ನಿಲ್ಲಿಸಿ ಇದೇ ಪ್ರಯೋಗ ಮಾಡಿದಾಗ, ಕಣಗಳು ತಾವಾಗಿ ನೆಲಗೋಡೆಗಳಿಗೆ ಅಂಟಿಯೋ ಸಂದುಗಳಲ್ಲಿ ಸೋರಿಯೋ ಅರ್ಧವಾಗಲು 70 ನಿಮಿಷ ಹಿಡಿಯಿತೆನ್ನಿ. ಇಳಿಕೆಯ ದರವು ಅರ್ಧಕಾಲಕ್ಕೆ ವಿಲೋಮವಾಗಿರುವುದರಿಂದ ಯಂತ್ರದ ಪಾಲು 1/7ರಲ್ಲಿ 1/70ನ್ನು ಕಳೆದುದು, ಅಂದರೆ 9/70. ಕೋಣೆ 40 ಘನ ಮೀಟರಿನದಾದರೆ, ಇದನ್ನು 0.693ರಿಂದಲೂ 40ರಿಂದಲೂ ಗುಣಿಸಿ ನಿಮಿಷವನ್ನು ಗಂಟೆಗೆ ತಿರುಗಿಸಿದಾಗ ಗಂಟೆಗೆ ಸುಮಾರು 214 ಘನ ಮೀಟರು ಶುಭ್ರವಾಯು ದೊರೆಯುತ್ತಿದೆಯೆಂದಾಯಿತು. ತಯಾರಕರು ಡಬ್ಬದ ಮೇಲೆ ಅಚ್ಚು ಹಾಕಿದ ಸಂಖ್ಯೆಯೊಡನೆ ಹೋಲಿಸಿ ನೋಡಬಹುದು. ಕೆಲವು ತಿಂಗಳ ಮೇಲೆ ಅರ್ಧಕಾಲ 14 ನಿಮಿಷಕ್ಕೆ ಏರಿದರೆ, ಯಂತ್ರದ ಕೆಲಸ ಸರಿಯಾಗಿ ಅರ್ಧಕ್ಕೆ ಇಳಿಯಿತೆಂದು ಅವಸರದಲ್ಲಿ ಹೇಳಿಬಿಡುವೆವು. 1/14ರಲ್ಲಿ 1/70 ಕಳೆದರೆ ಉಳಿಯುವುದು 4/70. ಒಂಬತ್ತು ಪಾಲು ನಾಲ್ಕಾಗಿದೆ. ಫಿಲ್ಟರನ್ನು ಆಗಲೇ ಬದಲಾಯಿಸಬೇಕಾಗಿತ್ತು.

ಈ ವಿಧಾನದ ಸೊಗಸೆಂದರೆ ಅಗ್ಗದ ಮಾಪಕದ ಸುಳ್ಳು ಇಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ. ಅದು ಲೇಸರ್ ಬೆಳಕು ಕಣಗಳಿಂದ ಚದುರುವುದನ್ನು ನೋಡಿ ತೂಕವನ್ನು ಊಹಿಸುತ್ತದೆ. 100 ಇರುವಲ್ಲಿ 140 ಎಂದೀತು. ಆದರೆ 50 ಇರುವಲ್ಲಿ 70 ಎನ್ನುವುದರಿಂದ ಅರ್ಧವು ಅರ್ಧವಾಗಿಯೇ ಉಳಿಯುತ್ತದೆ.

ವಾಸನೆ ಹೀರಲೆಂದು ಇಡುವ ಇದ್ದಲಿನ ಫಿಲ್ಟರಿನ ಕಥೆ ಬೇರೆ. ಅಸಂಖ್ಯ ಸೂಕ್ಷ್ಮ ರಂಧ್ರಗಳ ಆ ಇದ್ದಲು ಅನಿಲದ ಅಣುಗಳನ್ನು ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುತ್ತದೆ. ಜಾಗ ತುಂಬಿದ ಮೇಲೆ ಸುಮ್ಮನಾಗುತ್ತದೆ. ಆಗ ಗಾಳಿಯ ಓಟ ಕುಗ್ಗುವುದೂ ಇಲ್ಲ, ಬಣ್ಣ ಬದಲಾಗುವುದೂ ಇಲ್ಲ. ಕಣಮಾಪಕಕ್ಕೆ ಇದು ಕಾಣುವುದೇ ಇಲ್ಲ. ಇಲ್ಲಿ ಮೂಗೇ ಉಪಕರಣ, ಅದೂ ಹೊರಗಿನಿಂದ ಆಗ ತಾನೇ ಬಂದವರ ಮೂಗು; ಒಳಗಿರುವವರ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ. ಆದರೆ ಒಂದು ವಿಷಯದಲ್ಲಿ ಯಾರ ಮೂಗೂ ನೆರವಾಗದು. ಉತ್ತರದ ಚಳಿಯಲ್ಲಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಕೊಂದದ್ದು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್. ಅದನ್ನು ಹೆಪಾ ಫಿಲ್ಟರೂ ಹಿಡಿಯದು, ಇದ್ದಲೂ ಹಿಡಿಯದು. ವಾಯುಶೋಧಕವಿದೆಯೆಂಬ ಧೈರ್ಯದಿಂದ ಕೋಣೆಯಲ್ಲಿ ಕೆಂಡ ಇಡಕೂಡದು.

ಮುಂಭಾಗದ ಬಲೆಯಂಥ ಜಾಲರಿಯನ್ನು ಎರಡು ಮೂರು ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿದರೆ ಒಳಗಿನ ಫಿಲ್ಟರು ಹೆಚ್ಚು ದಿನ ಬಾಳುತ್ತದೆ. ಆದರೆ ತೊಳೆಯಬಹುದೆಂದು ತಯಾರಕರೇ ಹೇಳಿದ್ದ ಹೊರತು ಒಳಗಿನದನ್ನು ನೀರಿಗೆ ಹಾಕಬಾರದು; ಎಳೆಗಳು ಮುದ್ದೆಯಾಗುತ್ತವೆ, ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಹಳೆಯದನ್ನು ಕೊಡವದೆ ಚೀಲದಲ್ಲಿ ಕಟ್ಟಿ ಸಾಗಿಸಬೇಕು. ಹೊಸದನ್ನು ಇಟ್ಟ ದಿನವೇ ಅರ್ಧಕಾಲವನ್ನು ಅಳೆದು, ದಿನಾಂಕದೊಡನೆ ಪೆಟ್ಟಿಗೆಯ ಹಿಂಬದಿಗೆ ಅಂಟಿಸುವುದು ಒಳ್ಳೆಯದು. ಹೊಸ ಫಿಲ್ಟರು ಬಂದೂ ಆ ಅಂಕಿ ಸುಧಾರಿಸದಿದ್ದರೆ ಅದನ್ನು ಹೊರಗೆಳೆದು ನೋಡಿ. ಅಂಚು ಸರಿಯಾಗಿ ಕೂಡದೆ ಗಾಳಿ ಪಕ್ಕದಿಂದ ನುಸುಳುತ್ತಿರಬಹುದು. ಇಲ್ಲವೆ ಅಂಗಡಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಬಿಚ್ಚಿಯೇ ಇರಲಾರರು.